ಹತ್ತಕ್ಕೆ ಹತ್ತು

ಸೆಕ್ಟರ್ 4, ಆರ್.ಕೆ.ಪುರಂ, ನವದೆಹಲಿ
14 ಜುಲೈ 2003

ಪೂಜ್ಯ ಈಶ್ವರಪ್ಪ ಸರ್ ಅವರಿಗೆ,

ಹಂಸಾ ಮಾಡುವ ನಮಸ್ಕಾರಗಳು. ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ರಾಣೆಬೆನ್ನೂರು ಹೈಸ್ಕೂಲಿನ ಹತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದೆ. ಇಂಗ್ಲಿಷಿನಲ್ಲಿ ಮೂವತ್ತೆಂಟು ಬಂದಾಗ ನೀವು, "ಅದರಲ್ಲಿ ಮೂರು ನಿನ್ನ ದುಂಡು ಅಕ್ಷರಕ್ಕೆ ಕೊಟ್ಟದ್ದು" ಎಂದಿದ್ದಿರಿ.

ಏಪ್ರಿಲಿನಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದೆವು, ವಾಪಸು ಬರಲಿಲ್ಲ. ನಾನು ಅವರಿಗೆ ಎರಡನೆಯ ಸಂಬಂಧ. ಮೊದಲ ಹೆಂಡತಿಯ ಮಗ ಏಕನಾಥನಿಗೆ ಈಗ ಇಪ್ಪತ್ತಮೂರು. ಘಾಜಿಯಾಬಾದಿನಲ್ಲಿ ಸೋದರತ್ತೆ ವೈಜಯಂತಿಯವರ ಮನೆಯಲ್ಲಿದ್ದುಕೊಂಡು ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಇಲ್ಲಿ ಕ್ವಾರ್ಟರ್ಸಿನಲ್ಲಿ ಅತ್ತೆ ಶಾರದಮ್ಮನವರು, ನಾನು ಮತ್ತು ಆರು ವರ್ಷದ ಮಗಳು ಪ್ರೇರಣಾ ಇದ್ದೇವೆ.

ಯಜಮಾನರ ಆಫೀಸಿನಲ್ಲಿ ಅನುಕಂಪದ ಆಧಾರದ ಮೇಲೆ ನನಗೆ ಗುಮಾಸ್ತೆಯ ಕೆಲಸ ಸಿಗಬಹುದು ಎಂದಿದ್ದಾರೆ. ಸಿಕ್ಕರೆ ಈ ಕ್ವಾರ್ಟರ್ಸೂ ನನ್ನ ಹೆಸರಿಗಾಗುತ್ತದೆ. ಇಲ್ಲದಿದ್ದರೆ ಮುಂದಿನ ಏಪ್ರಿಲಿಗೆ ಖಾಲಿ ಮಾಡಬೇಕು. ನನ್ನ ತವರಿನಲ್ಲಿ ಯಾರೂ ಉಳಿದಿಲ್ಲ ಎಂಬುದು ನಿಮಗೆ ಗೊತ್ತು. ನನಗೂ ಮಗುವಿಗೂ ಇರುವುದು ಇದೊಂದೇ ದಾರಿ.

ಆಫೀಸಿನಲ್ಲಿ ನನ್ನಿಂದ ಒಂದು ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಸಿ ನೋಡಿದರು. ಅಧಿಕಾರಿ ನಗಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಉಳಿದದ್ದೆಲ್ಲ ಪರವಾಗಿಲ್ಲ, ಆದರೆ ಇನ್, ಆನ್, ಅಟ್, ಟು, ಇವು ಒಂದೂ ಅದರದರ ಜಾಗದಲ್ಲಿಲ್ಲ ಎಂದರು. ಇಂಟರ್‌ವ್ಯೂ ವರ್ಷದ ಕೊನೆಗಂತೆ. ಅಷ್ಟರಲ್ಲಿ ಅಂಚೆಯ ಮೂಲಕ ನನಗೆ ಪಾಠ ಹೇಳಿಕೊಡುತ್ತೀರಾ?

ರತ್ನಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಹಂಸಾ


ರಾಣೆಬೆನ್ನೂರು
25 ಜುಲೈ 2003

ಚಿ. ಹಂಸಾಳಿಗೆ ಆಶೀರ್ವಾದಗಳು.

ರೂಢಿಯಂತೆ "ಸೌ." ಎಂದು ಸೇರಿಸಲು ಹೋದ ಕೈಯನ್ನು ತಡೆದೆ. ಮನಸ್ಸಿಗೆ ಬಹಳ ನೋವಾಯಿತಮ್ಮ. ನನಗೆ ಸಮಾಧಾನದ ಮಾತು ಬರುವುದಿಲ್ಲ, ಪಾಠ ಬರುತ್ತದೆ. ಅದನ್ನೇ ಕಳಿಸುತ್ತಿದ್ದೇನೆ.

ಈ ಕಷ್ಟ ನಿನ್ನೊಬ್ಬಳದಲ್ಲ. ಕನ್ನಡದಲ್ಲಿ ನಾವು ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ಪದದ ಹಿಂದೆ ಒಂದು ಬಾಲ ಅಂಟಿಸಿ ಕೈ ತೊಳೆದುಕೊಳ್ಳುತ್ತೇವೆ. ಇಂಗ್ಲಿಷಿನವರು ಅದೇ ಕೆಲಸಕ್ಕೆ ಒಂದು ಪುಟ್ಟ ಪದವನ್ನು ಮುಂದೆ ನಿಲ್ಲಿಸುತ್ತಾರೆ. ಅಷ್ಟೇ ಆಗಿದ್ದರೆ ನನ್ನಂಥವನಿಗೆ ಸಂಬಳವೇ ಸಿಗುತ್ತಿರಲಿಲ್ಲ. ನಮಗೆ ದೆಹಲಿಯಲ್ಲಿ, ಬಸ್ಸಿನಲ್ಲಿ, ಬಾಗಿಲಲ್ಲಿ ಎಲ್ಲಕ್ಕೂ ಒಂದೇ "ಅಲ್ಲಿ" ಸಾಕು. ಅವರಿಗೆ ದೆಹಲಿಗೆ ಇನ್, ಬಸ್ಸಿಗೆ ಆನ್, ಬಾಗಿಲಿಗೆ ಅಟ್. ಹಾಗಾದರೆ ಆಟೋಗೂ ಆನ್ ಇರಬೇಕು ಎಂದುಕೊಂಡರೆ ಕೆಟ್ಟೆ, ಅದಕ್ಕೆ ಇನ್. ನಿಂತು ಓಡಾಡಬಹುದಾದ ಗಾಡಿಗೆ ಆನ್, ಮುದುರಿ ಕೂರುವ ಗಾಡಿಗೆ ಇನ್ ಎಂದು ನೆನಪಿಟ್ಟುಕೋ.

ನನ್ನ ಪದ್ಧತಿ ನಿನಗೆ ಗೊತ್ತಿದೆ. ಬೆಕ್ಕು ಮೇಜಿನ ಮೇಲಿದೆ ಎಂಬಂಥ ಪುಸ್ತಕದ ವಾಕ್ಯ ನನಗೆ ಬೇಡ. ನಿನ್ನ ಮನೆಯ, ನಿನ್ನ ದಿನದ ನಿಜವಾದ ವಾಕ್ಯ ಬರೆ. ನಿಜ ಬರೆದರೇ ಪದ ನಾಲಿಗೆಗೆ ಹತ್ತುವುದು. ಬೇರೆ ಹಾಳೆಯಲ್ಲಿ ಬರೆದು ಪತ್ರದ ಜೊತೆ ಕಳಿಸು. ಕೆಂಪು ಶಾಯಿಯಲ್ಲಿ ತಿದ್ದಿ ಹತ್ತಕ್ಕೆ ಮಾರ್ಕ್ಸು ಹಾಕುತ್ತೇನೆ.

ನಮ್ಮಲ್ಲಿ ಫೋನಿಲ್ಲ, ಅಂಚೆಯೇ ಗತಿ. ರತ್ನಮ್ಮ ಚೆನ್ನಾಗಿದ್ದಾಳೆ.

ಈಶ್ವರಪ್ಪ


ಆರ್.ಕೆ.ಪುರಂ
20 ಆಗಸ್ಟ್ 2003

ಪೂಜ್ಯ ಸರ್ ಅವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಏಕನಾಥ ಘಾಜಿಯಾಬಾದಿನ ಕೆಲಸ ಬಿಟ್ಟು ಮನೆಗೆ ಬಂದಿದ್ದಾನೆ. ಅತ್ತೆಯವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ನಾನು ಬರೆದ ಪತ್ರವನ್ನೂ ನಿಮ್ಮಿಂದ ಬಂದ ಪತ್ರವನ್ನೂ ಈಗ ಅವರೇ ಮೊದಲು ಓದುತ್ತಾರೆ. ನಿಮ್ಮ ಕನ್ನಡ ಅವರಿಗೆ ಬಹಳ ಇಷ್ಟವಾಗಿದೆ. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಏಕನಾಥ ಪಾಠದ ಹಾಳೆ ನೋಡಿ, "ಅರೇ ಚಿಕ್ಕಮ್ಮ, ಛೋಡೋ ನಾ, ಇದೆಲ್ಲ ಯಾರು ಕೇಳ್ತಾರೆ" ಎಂದು ನಕ್ಕು ಬಿಟ್ಟ.

ಹಾಳೆಯನ್ನು ಇಟ್ಟಿದ್ದೇನೆ.

ಹಂಸಾ

ಪಾಠದ ಹಾಳೆ
ಐ ಲಿವ್ ಅಟ್ ಡೆಲ್ಲಿ.
ಸಿನ್ಸ್ ಮೈ ಸ್ಟೆಪ್‌ಸನ್ ಕೇಮ್, ಐ ಆ್ಯಂಡ್ ಪ್ರೇರಣಾ ಸ್ಲೀಪ್ ಅಟ್ ದಿ ಕಿಚನ್.
ದಿ ಕೀ ಆಫ್ ದಿ ಡೋರ್ ಈಸ್ ಇನ್ ಮದರ್-ಇನ್-ಲಾಸ್ ವೇಸ್ಟ್.
ಐ ಗೋ ಔಟ್ ಇನ್ ಮಂಡೇ ಓನ್ಲಿ.


ರಾಣೆಬೆನ್ನೂರು
1 ಸೆಪ್ಟೆಂಬರ್ 2003

ಚಿ. ಹಂಸಾಳಿಗೆ ಆಶೀರ್ವಾದಗಳು.

ಹತ್ತಕ್ಕೆ ನಾಲ್ಕು. ಮುಖ ಊದಿಸಿಕೊಳ್ಳಬೇಡ, ಮೊದಲ ಹಾಳೆಗೆ ನಾನು ಇಷ್ಟು ಯಾರಿಗೂ ಕೊಟ್ಟಿಲ್ಲ.

ದೆಹಲಿ ದೊಡ್ಡ ಊರು, ಅದಕ್ಕೆ ಇನ್. ಅಡುಗೆಮನೆಯಲ್ಲಿ ಮಲಗುವುದಕ್ಕೂ ಇನ್, ಸುತ್ತ ಗೋಡೆ ಇದೆಯಲ್ಲ. ಬಾಗಿಲಿನ ಕೀಲಿಗೆ ಆಫ್ ಅಲ್ಲ, ಟು: ಕೀ ಟು ದಿ ಡೋರ್. ಈ ತಪ್ಪನ್ನು ಕಾಲೇಜಿನವರೂ ಮಾಡುತ್ತಾರೆ. ಕೀಲಿ ಅತ್ತೆಯ ಸೊಂಟದಲ್ಲಿದೆ ಎನ್ನಲು ಇನ್ ಹಾಕಿದರೆ ಅದನ್ನು ಅವರು ನುಂಗಿದಂತಾಗುತ್ತದೆ, ಅಟ್ ಹರ್ ವೇಸ್ಟ್ ಎನ್ನಬೇಕು. ವಾರದ ದಿನಗಳಿಗೆ ಯಾವಾಗಲೂ ಆನ್.

ಸೊಂಟದ ಕೀಲಿಯ ವಾಕ್ಯ ನನಗೆ ಬಹಳ ಹಿಡಿಸಿತು. ಮುಂದಿನ ಸಲ ಸಿನ್ಸ್, ಫಾರ್, ವಿತ್, ಫ್ರಮ್ ಹಾಕಿ ಬರೆ. ಶಾರದಮ್ಮನವರು ಈ ಪತ್ರ ಓದುತ್ತಾರೆಂದು ತಿಳಿದು ಸಂತೋಷ. ಅವರಿಗೆ ನನ್ನ ನಮಸ್ಕಾರಗಳು. ಸೊಸೆಯನ್ನು ಓದಿಸುವ ಅತ್ತೆಯರು ಎಷ್ಟು ಜನ ಸಿಗುತ್ತಾರೆ?

ಈಶ್ವರಪ್ಪ


ಆರ್.ಕೆ.ಪುರಂ
3 ಅಕ್ಟೋಬರ್ 2003

ಪೂಜ್ಯ ಸರ್ ಅವರಿಗೆ,

ಕ್ಷೇಮ. ನಿಮ್ಮ ನಮಸ್ಕಾರ ಅತ್ತೆಯವರಿಗೆ ತಲುಪಿತು. ಚಳಿ ಇನ್ನೂ ಶುರುವಾಗಿಲ್ಲ. ಪ್ರೇರಣಾ ಶಾಲೆಯಲ್ಲಿ ಹಿಂದಿ ಪದ್ಯ ಹೇಳಿ ಬಹುಮಾನ ತಂದಳು. ಪಾಠದ ಹಾಳೆಯನ್ನು ದಯವಿಟ್ಟು ನಿಧಾನವಾಗಿ ಓದಿ ತಿದ್ದಬೇಕಾಗಿ ಬೇಡಿಕೊಳ್ಳುತ್ತೇನೆ.

ಹಂಸಾ

ಪಾಠದ ಹಾಳೆ
ಐ ಆಮ್ ನಾಟ್ ಗೋಯಿಂಗ್ ಔಟ್ ಸಿನ್ಸ್ ತ್ರೀ ವೀಕ್ಸ್.
ದೇ ಡಿಸ್ಕಸ್ ಅಬೌಟ್ ಮೈ ಸಿಗ್ನೇಚರ್ ಎವರಿ ಡೇ.
ಮೈ ಸ್ಟೆಪ್‌ಸನ್ ವಾಂಟ್ಸ್ ದಿ ಜಾಬ್ ಫಾರ್ ಹಿಮ್‌ಸೆಲ್ಫ್.
ಹೀ ಈಸ್ ಆ್ಯಂಗ್ರಿ ಆನ್ ಮೀ.
ಪ್ರೇರಣಾ ಈಸ್ ಅಫ್ರೇಡ್ ಫ್ರಮ್ ಹರ್ ಬ್ರದರ್.


ರಾಣೆಬೆನ್ನೂರು
14 ಅಕ್ಟೋಬರ್ 2003

ಚಿ. ಹಂಸಾಳಿಗೆ ಆಶೀರ್ವಾದಗಳು.

ನಿಧಾನವಾಗಿಯೇ ಓದಿದೆ, ಎರಡು ಸಲ. ಹತ್ತಕ್ಕೆ ಆರು.

ಇಷ್ಟು ದಿನದಿಂದ ಎನ್ನುವಾಗ ಫಾರ್, ಇಂಥ ದಿನದಿಂದ ಎನ್ನುವಾಗ ಸಿನ್ಸ್. ಮೂರು ವಾರದಿಂದ ಹೊರಗೆ ಹೋಗಿಲ್ಲ ಎನ್ನಲು ಫಾರ್ ತ್ರೀ ವೀಕ್ಸ್ ಎನ್ನಬೇಕು, ಕ್ರಿಯಾಪದವೂ ಬದಲಾಗುತ್ತದೆ, ಕೆಂಪಿನಲ್ಲಿ ಬರೆದಿದ್ದೇನೆ. ಡಿಸ್ಕಸ್ ಜೊತೆ ಅಬೌಟ್ ಬರಲೇಕೂಡದು, ಅದು ಒಂಟಿಯಾಗಿರುವ ಪದ. ಸಿಟ್ಟು ನಮ್ಮಲ್ಲಿ ಒಬ್ಬರ ಮೇಲೆ ಬರುತ್ತದೆ, ಇಂಗ್ಲಿಷಿನಲ್ಲಿ ಒಬ್ಬರ ಜೊತೆ ಬರುತ್ತದೆ: ಆ್ಯಂಗ್ರಿ ವಿತ್ ಮೀ. ಅಣ್ಣನನ್ನು ಕಂಡರೆ ಭಯ ಎನ್ನಲು ಅಫ್ರೇಡ್ ಆಫ್. ಮೂರನೆಯ ವಾಕ್ಯ ಸರಿಯಿದೆ, ಫಾರ್ ಚೊಕ್ಕವಾಗಿ ಕೂತಿದೆ.

ನಿನ್ನ ವಾಕ್ಯಗಳಲ್ಲಿ ನಾಟಕ ಸ್ವಲ್ಪ ಹೆಚ್ಚಾಯಿತು. ಇರಲಿ, ಬರೆಯುವವರಿಗೆ ಬೇಸರವಾಗಬಾರದಲ್ಲ. ನಿನಗಿಂತ ಹಿಂದಿನ ಬ್ಯಾಚಿನ ಬಸಪ್ಪ ನನ್ನ ಪಾಠಕ್ಕಾಗಿ ಪ್ರತಿ ವಾಕ್ಯದಲ್ಲೂ ಅವನ ಅಜ್ಜಿಯನ್ನು ಸಾಯಿಸುತ್ತಿದ್ದ. ಬಾವಿಯಲ್ಲಿ, ಛಾವಣಿಯಿಂದ, ಹಾವು ಕಚ್ಚಿ. ಆ ಅಜ್ಜಿ ಅವನ ಮದುವೆಯಲ್ಲಿ ನನಗೆ ಹೋಳಿಗೆ ಬಡಿಸಿ, ಇನ್ನೊಂದು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಿದಳು.

ಮುಂದಿನ ಹಾಳೆಗೆ ಬಿಫೋರ್, ಬೈ, ವಿತೌಟ್. ಇಂಟರ್‌ವ್ಯೂ ದಿನ ಗೊತ್ತಾಯಿತೇ?

ಈಶ್ವರಪ್ಪ


ಆರ್.ಕೆ.ಪುರಂ
3 ನವೆಂಬರ್ 2003

ಪೂಜ್ಯ ಸರ್ ಅವರಿಗೆ,

ಎಲ್ಲರೂ ಕ್ಷೇಮ. ಹಾಳೆಯಲ್ಲಿ ಈ ಸಲ ಬಹಳ ಎಚ್ಚರ ವಹಿಸಿ ಬರೆದಿದ್ದೇನೆ.

ಹಂಸಾ

ಪಾಠದ ಹಾಳೆ
ದಿ ಇಂಟರ್‌ವ್ಯೂ ಈಸ್ ಆನ್ ದಿ ಟ್ವೆಂಟಿಯತ್ ಆಫ್ ನವೆಂಬರ್.
ದೇ ವಿಲ್ ನಾಟ್ ಲೆಟ್ ಮೀ ಗೋ ಟು ಇಟ್.
ವಿತೌಟ್ ಮೈ ಸಿಗ್ನೇಚರ್ ಹೀ ಕೆನಾಟ್ ಗೆಟ್ ದಿ ಜಾಬ್.
ದೇ ವಾಂಟ್ ಇಟ್ ಬಿಫೋರ್ ದಟ್ ಡೇ.
ದೇರ್ ಈಸ್ ನೋಬಡಿ ವಿತ್ ಮೀ.
ಪ್ಲೀಸ್ ಕಮ್ ಬೈ ಟ್ರೇನ್ ಬಿಫೋರ್ ದಿ ಟ್ವೆಂಟಿಯತ್.


ರಾಣೆಬೆನ್ನೂರು
10 ನವೆಂಬರ್ 2003

ಚಿ. ಹಂಸಾಳಿಗೆ ಆಶೀರ್ವಾದಗಳು.

ಹತ್ತಕ್ಕೆ ಹತ್ತು. ಶಹಬ್ಬಾಸ್, ಹುಡುಗಿ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಹತ್ತಕ್ಕೆ ಹತ್ತು ಕೊಟ್ಟವರನ್ನು ಒಂದು ಕೈಯಲ್ಲಿ ಎಣಿಸಬಹುದು. ಕೆಂಪು ಪೆನ್ನು ತೆರೆದು ಕೂತವನು ಹಾಗೇ ಮುಚ್ಚಿದೆ.

ತಾರೀಖಿಗೆ ಆನ್ ಹಾಕಿದ್ದೀಯ. ಬೈ ಮತ್ತು ಟ್ರೇನ್ ನಡುವೆ ದಿ ತುರುಕಿಲ್ಲ. ಎಂ.ಎ. ಮಾಡಿದವರೂ ಅಲ್ಲಿ ಎಡವುತ್ತಾರೆ. ಬಿಫೋರ್ ಎರಡು ಸಲ ಬಂದಿದೆ, ಎರಡು ಸಲವೂ ಸರಿಯಾದ ಜಾಗದಲ್ಲಿ. ಈ ಹಾಳೆಯನ್ನು ಇಂಟರ್‌ವ್ಯೂಗೆ ಹೋಗುವಾಗ ಬ್ಯಾಗಿನಲ್ಲಿಟ್ಟುಕೋ, ಧೈರ್ಯ ಬರುತ್ತದೆ. ಇಪ್ಪತ್ತಕ್ಕೆ ಹೆದರದೆ ಹೋಗಿ ಬಾ.

ಈಶ್ವರಪ್ಪ


ಸ್ಪೀಡ್ ಪೋಸ್ಟ್
ರಾಣೆಬೆನ್ನೂರು
12 ನವೆಂಬರ್ 2003

ಹಂಸಾ,

ಮೊನ್ನೆಯ ಪತ್ರವನ್ನು ಹರಿದು ಹಾಕು. ನಿನಗೆ ಒಂದು ವಿಷಯ ಹೇಳಿರಲಿಲ್ಲ. ರತ್ನಮ್ಮ ಚೆನ್ನಾಗಿಲ್ಲ. ಹೋದ ವರ್ಷ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ. ಹಾಸಿಗೆಯಲ್ಲೇ ಇದ್ದಾಳೆ. ನಿನಗೆ ಇದ್ದ ಸಂಕಟವೇ ಸಾಕು ಎಂದು ಬರೆದಿರಲಿಲ್ಲ. ನಿನ್ನ ಹಾಳೆ ಬಂದ ದಿನ ಅವಳ ಪಕ್ಕ ಕೂತೇ ತಿದ್ದುತ್ತಿದ್ದೆ, ಎಷ್ಟು ಮಾರ್ಕ್ಸು ಬಂತು ಎಂದು ಹೇಳುತ್ತಿದ್ದೆ.

ನಿನ್ನೆ ಅವಳು, "ಬರೇ ಮಾರ್ಕ್ಸ್ ಹೇಳ್ತೀರಲ್ಲ, ಆ ಹುಡುಗಿ ಏನ್ ಬರದಾಳ ಅದನ್ನ ಹೇಳ್ರಿ" ಎಂದಳು. ಹಾಳೆ ಆಗಲೇ ಅಂಚೆಗೆ ಹೋಗಿತ್ತು. ನೆನಪಿನಿಂದ ಹೇಳತೊಡಗಿದೆ, ಅವಳಿಗಾಗಿ ಕನ್ನಡದಲ್ಲಿ. ಅವರು ನನ್ನನ್ನು ಅಲ್ಲಿಗೆ ಹೋಗಲು ಬಿಡುವುದಿಲ್ಲ. ನನ್ನ ಜೊತೆ ಯಾರೂ ಇಲ್ಲ. ದಯವಿಟ್ಟು ಇಪ್ಪತ್ತಕ್ಕೆ ಮೊದಲು ರೈಲಿನಲ್ಲಿ ಬನ್ನಿ. ರತ್ನಮ್ಮ, "ಇದು ಪಾಠ ಅಲ್ರೀ. ಆಕಿ ನಿಮ್ಮನ್ನ ಕರಿಯಾಕ ಹತ್ಯಾಳ" ಎಂದಳು.

ಎಲ್ಲಿಯೂ ಸಹಿ ಹಾಕಬೇಡ. ಅತ್ತೆ ಏನೇ ಹೇಳಲಿ, ಆ ಹುಡುಗ ಏನೇ ಹೆದರಿಸಲಿ, ಹಾಕಬೇಡ. ರತ್ನಮ್ಮನ ತಂಗಿಯನ್ನು ಇಲ್ಲಿಗೆ ಕರೆಸಿದ್ದೇನೆ. ಬೆಂಗಳೂರಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಹತ್ತೊಂಬತ್ತರ ಬೆಳಿಗ್ಗೆ ನಿಮ್ಮ ಮನೆಯಲ್ಲಿರುತ್ತೇನೆ. ಮರುದಿನ ನಿನ್ನನ್ನು ನಾನೇ ಆಫೀಸಿಗೆ ಕರೆದುಕೊಂಡು ಹೋಗುತ್ತೇನೆ.

ಈಶ್ವರಪ್ಪ


ರಾಣೆಬೆನ್ನೂರು
28 ನವೆಂಬರ್ 2003

ಚಿ. ಹಂಸಾಳಿಗೆ ಆಶೀರ್ವಾದಗಳು.

ಸುಖವಾಗಿ ಊರು ತಲುಪಿದೆ. ನಿನ್ನನ್ನು ಕಣ್ಣಾರೆ ನೋಡಿ ಮನಸ್ಸು ಹಗುರವಾಯಿತು. ನಾಲ್ಕು ದಿನ ನಿದ್ದೆಗೆಟ್ಟಿದ್ದೆ.

ನಾನು ಜಗಳಕ್ಕೆ ಸಿದ್ಧನಾಗಿಯೇ ಬಂದಿದ್ದೆ. ಶಾರದಮ್ಮನವರು ಬಾಗಿಲು ತೆರೆದು, "ಬನ್ನಿ ಮೇಷ್ಟ್ರೇ, ಪ್ರಯಾಣ ಆರಾಮಾಗಿತ್ತಾ" ಎಂದು ಕೇಳಿದಾಗ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಉಳಿದರ್ಧವನ್ನು ನೀನೇ ಇಳಿಸಿದೆ. "ನನಗೆ ಆಫೀಸು ಬೇಡ ಸರ್, ಏಕನಾಥನಿಗೇ ಆಗಲಿ, ನಾನೇ ಒಪ್ಪಿ ಸಹಿ ಮಾಡಿದ್ದೇನೆ" ಎಂದು ನಿನ್ನ ಬಾಯಿಂದಲೇ ಕೇಳಿದ ಮೇಲೆ ನನ್ನದೇನಿದೆ? ಏಕನಾಥ ಸಭ್ಯ ಹುಡುಗ. "ಅಂಕಲ್, ಆಪ್ ಟೆನ್ಶನ್ ಮತ್ ಲೀಜಿಯೇ, ಚಿಕ್ಕಮ್ಮನ್ನ ನಾನು ನೋಡ್ಕೋತೀನಿ" ಎಂದು ಸ್ಟೇಷನ್ನಿನವರೆಗೂ ಬಂದು ಬಿಟ್ಟುಹೋದ. ಪ್ರೇರಣಾಳನ್ನು ನೋಡಲಾಗಲಿಲ್ಲ ಎಂಬುದೊಂದೇ ಕೊರತೆ. ಸೋದರತ್ತೆಯ ಮನೆಗೆ ಆಡಲು ಹೋಗಿದ್ದಾಳೆ ಎಂದರಲ್ಲ, ಮಕ್ಕಳಿಗೆ ಅದೇ ಸಂತೋಷ.

ರತ್ನಮ್ಮನಿಗೆ ಎಲ್ಲ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕಾಯಿಲೆಯವರಿಗೆ ಅನುಮಾನ ಹೆಚ್ಚು.

ಇನ್ನು ನಿನಗೆ ಪಾಠದ ಅಗತ್ಯವಿಲ್ಲ. ಶಾಯಿ ಬಾಟಲಿ ಎತ್ತಿಟ್ಟಿದ್ದೇನೆ. ಆಗಾಗ ಕ್ಷೇಮ ಸಮಾಚಾರ ಬರೆಯುತ್ತಿರು.

ಈಶ್ವರಪ್ಪ


ಆರ್.ಕೆ.ಪುರಂ
9 ಫೆಬ್ರವರಿ 2004

ಪೂಜ್ಯ ಸರ್ ಅವರಿಗೆ,

ಈ ಪತ್ರವನ್ನು ಅತ್ತೆ ಓದಿಲ್ಲ. ಅವರಿಗೆ ಮಂಡಿನೋವು ಜಾಸ್ತಿಯಾಗಿ, ಈಗ ಪ್ರೇರಣಾಳನ್ನು ಶಾಲೆಗೆ ಬಿಡಲು ನನ್ನನ್ನು ಕಳಿಸುತ್ತಾರೆ. ದಾರಿಯಲ್ಲಿ ಅಂಚೆಡಬ್ಬ ಇದೆ. ಆದರೆ ಇದಕ್ಕೆ ಉತ್ತರವಾಗಿ ಕನ್ನಡದಲ್ಲಿ ಏನನ್ನೂ ಬರೆಯಬೇಡಿ.

ನಿಮ್ಮ ಸ್ಪೀಡ್ ಪೋಸ್ಟ್ ನವೆಂಬರ್ ಹದಿನೈದಕ್ಕೆ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಅದನ್ನು ಏಕನಾಥನಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು. ನಿಮ್ಮ ಪತ್ರಗಳನ್ನು ಮೊದಲು ಓದುವವರು ಅವರೇ ಎಂದು ನಾನು ಆಗಸ್ಟಿನಲ್ಲೇ ಬರೆದಿದ್ದೆ. ನೀವು ಅವರಿಗೆ ನಮಸ್ಕಾರವನ್ನೂ ಕಳಿಸಿದ್ದಿರಿ. ಓದಿ ಮುಗಿಸಿದ ಮೇಲೆ ಅವರು ನನ್ನನ್ನು ಬೈಯಲಿಲ್ಲ. "ಮಗೂನ ವೈಜಯಂತಿ ಮನೆಗೆ ಬಿಟ್ಟು ಬಾ" ಎಂದು ಏಕನಾಥನಿಗೆ ಹೇಳಿದರು, ಅಷ್ಟೆ. ಪ್ರೇರಣಾ ಶೂ ಹಾಕಿಕೊಳ್ಳುತ್ತ, "ಅಮ್ಮಾ, ತುಮ್ ಭೀ ಬರ್ತೀಯಾ?" ಎಂದು ಕೇಳಿದಳು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಸಹಿ ಹಾಕಿದೆ.

ಹಾಗಾಗಿ ನೀವು ಬಂದಾಗ ಎಲ್ಲ ಮುಗಿದಿತ್ತು. ಮಗು ಅವರ ಕೈಯಲ್ಲಿರುವಾಗ ನಾನು ಬೇರೆ ಏನು ಹೇಳಲಿ? ಪ್ರೇರಣಾಳನ್ನು ನೋಡಿಯೇ ಹೋಗುತ್ತೇನೆ ಎಂದು ನೀವು ಹಠ ಹಿಡಿದು ಕೂತಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನೀವು ಉಪ್ಪಿಟ್ಟು ಚೆನ್ನಾಗಿದೆ ಎಂದು ಹೇಳಿ ಎದ್ದಿರಿ.

ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಪಾಠದ ಹಾಳೆಯನ್ನು ಈ ಮನೆಯಲ್ಲಿ ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೇ ಅದರಲ್ಲಿ ಬರೆಯುತ್ತಿದ್ದೆ. ನೀವು ಕನ್ನಡದಲ್ಲಿ ತಿದ್ದಿ ಬರೆದದ್ದನ್ನು ಅತ್ತೆ ಬರೀ ಪಾಠದ ಉದಾಹರಣೆ ಎಂದುಕೊಂಡು ಬಿಟ್ಟುಬಿಡುತ್ತಿದ್ದರು. ನೀವು ಓದುತ್ತೀರಿ ಎಂದುಕೊಂಡಿದ್ದೆ. ರತ್ನಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಅವರ ವಿಷಯ ತಿಳಿದು ಅತ್ತುಬಿಟ್ಟೆ.

ಏಕನಾಥ ಜನವರಿಯಲ್ಲಿ ಕೆಲಸಕ್ಕೆ ಸೇರಿದ. ಕ್ವಾರ್ಟರ್ಸ್ ಅವನ ಹೆಸರಿಗಾಗಿದೆ. ಪ್ರೇರಣಾಳನ್ನು ಮಾತ್ರ ಕರೆತರಲಿಲ್ಲ. ವೈಜಯಂತಿಯವರಿಗೆ ಮಕ್ಕಳಿಲ್ಲ, ಅಲ್ಲೇ ಬೆಳೆಯಲಿ ಎಂದು ಮಾತಾಡಿಕೊಳ್ಳುತ್ತಿದ್ದರು. ಏಕನಾಥ ಇಂಗ್ಲಿಷನ್ನು ಪಟಪಟ ಮಾತಾಡುತ್ತಾನೆ, ಆದರೆ ಬರೆಯಲು ಕೂತರೆ ನಾಲ್ಕು ಸಾಲು ನೆಟ್ಟಗೆ ಬರುವುದಿಲ್ಲ. ಅವನು ಬರೆದ ಟಿಪ್ಪಣಿಯನ್ನು ಅಧಿಕಾರಿ ಎಲ್ಲರೆದುರು ಮೇಜಿನ ಮೇಲೆ ಎಸೆದರಂತೆ. ಆ ಸಂಜೆ ಅದನ್ನು ತಂದು ನನ್ನ ಮುಂದಿಟ್ಟ. ನಾನು ಪೆನ್ನು ಮುಟ್ಟದೆ, "ಪ್ರೇರಣಾ ಬರಲಿ, ಬರೆದುಕೊಡ್ತೀನಿ" ಎಂದೆ. ಭಾನುವಾರ ಮಗು ಬಂತು.

ಅಂದಿನಿಂದ ಅವನು ಕಡತಗಳನ್ನು ಮನೆಗೆ ತರುತ್ತಾನೆ, ನಾನು ಬರೆದುಕೊಡುತ್ತೇನೆ. ಬೆಳಿಗ್ಗೆ ಅವನ ಕೈಬರಹದಲ್ಲಿ ಅದು ಆಫೀಸಿಗೆ ಹೋಗುತ್ತದೆ. ಅಧಿಕಾರಿ ಈಗ ಅವನನ್ನು ಹೊಗಳುತ್ತಾರಂತೆ. ಅತ್ತೆ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದರು. ನನ್ನನ್ನು ಅಡುಗೆಮನೆಯಿಂದ ಎಬ್ಬಿಸಿ ಹೊರಕೋಣೆಯಲ್ಲಿ ಮಲಗಲು ಹೇಳಿದ್ದಾರೆ, ಅಲ್ಲಿ ದೀಪ ಚೆನ್ನಾಗಿದೆ.

ನೀವು ಶಾಯಿ ಬಾಟಲಿ ಎತ್ತಿಟ್ಟಿದ್ದೇನೆ ಎಂದು ಬರೆದಿರಿ. ದಯವಿಟ್ಟು ಹಾಗೆ ಮಾಡಬೇಡಿ. ಮೊನ್ನೆ ಏಕನಾಥ ಹೌಜ್ ಖಾಸಿನಲ್ಲಿ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಹೆಸರು ಕೊಟ್ಟು ಬಂದ. ಮುಂದಿನ ತಿಂಗಳಿಂದ ಶುರುವಂತೆ. ಅವನಿಗೆ ಸ್ವಂತವಾಗಿ ಬರೆಯಲು ಬಂದ ದಿನ ಪ್ರೇರಣಾ ಘಾಜಿಯಾಬಾದಿಗೆ ವಾಪಸು ಹೋಗುತ್ತಾಳೆ. ಅವನಿಗಿಂತ ನಾನು ಮುಂದಿರಬೇಕು ಸರ್. ಮುಂದಿನ ಪಾಠ ಬೇಗ ಕಳಿಸಿ.

ಹಂಸಾ